ಯಾವ ಹೊಲಕ್ಕೆ ಯಾವ ಸಾರಜನಕ? ಖಾನಾಪುರದ ಕೆಂಪು ಮಣ್ಣಿನಿಂದ ಇಂಡಿಯ ಎರೆ ಭೂಮಿವರೆಗೆ

"ಯೂರಿಯಾ ಹಾಕಿ ಹಾಕಿ ಹೊಲ ಸತ್ತೈತ್ರಿ." ಗೋಕಾಕ, ಮುಧೋಳ, ಜಮಖಂಡಿ, ಎಲ್ಲಿ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ. ಹೀಗೆ ಹೇಳಿದವರೇ ಮರುದಿನ ಅಂಗಡಿ ಮುಂದೆ ಯೂರಿಯಾ ಪಾಳಿಯಲ್ಲಿ ನಿಂತಿರುತ್ತಾರೆ. ಅದರಲ್ಲಿ ತಪ್ಪೇನಿಲ್ಲ. 45 ಕೆ.ಜಿ. ಚೀಲಕ್ಕೆ 266 ರೂಪಾಯಿ ಚಿಲ್ಲರೆ ಕೊಟ್ಟರೆ 20 ಕೆ.ಜಿ.ಗಿಂತ ಜಾಸ್ತಿ ಸಾರಜನಕ ಸಿಗುತ್ತದೆ. ಇಷ್ಟು ಅಗ್ಗಕ್ಕೆ ಅಂಗಡಿಯ ಬೇರೆ ಯಾವ ಚೀಲವೂ ಕೊಡುವುದಿಲ್ಲ.

ಆದರೆ ಅಗ್ಗದ ಸಾರಜನಕ ಬೆಳೆಗೆ ಮುಟ್ಟಿತೋ ಗಾಳಿಗೆ ಹೋಯಿತೋ ಅನ್ನುವುದು ಬೇರೆ ಲೆಕ್ಕ. ಆ ಲೆಕ್ಕ ನಿಂತಿರುವುದು ಮಣ್ಣಿನ ಗುಣದ ಮೇಲೆ, ಮಣ್ಣಿನೊಳಗಿನ ಜೀವಾಣುಗಳ ಮೇಲೆ. ಚೀಲ ಆರಿಸುವ ಮೊದಲು ಅವೆರಡನ್ನು ನೋಡಿಬಿಡೋಣ.

ಹೊಲ ನಿಜವಾಗಿ ಸತ್ತಿದೆಯಾ?

ಯೂರಿಯಾ ಬಹುಪಾಲು ಜೀವಾಣುಗಳ ಕೈ ದಾಟಿಯೇ ಬೇರಿಗೆ ಬರಬೇಕು. ಮಣ್ಣಿನ ಜೀವಾಣುಗಳು ಯೂರಿಯೇಸ್ ಅನ್ನುವ ಕಿಣ್ವ ಬಿಡುತ್ತವೆ. ಹಸಿ ಇದ್ದು, ಬಿಸಿಲಿದ್ದರೆ ಎರಡು ಮೂರು ದಿನದಲ್ಲಿ ಯೂರಿಯಾ ಅಮೋನಿಯಂ ಆಗುತ್ತದೆ. ಆಮೇಲೆ ನೈಟ್ರೊಸೊಮೊನಾಸ್ ಗುಂಪಿನ ಜೀವಾಣುಗಳು ಅದನ್ನು ನೈಟ್ರೈಟ್ ಮಾಡುತ್ತವೆ, ನೈಟ್ರೊಬ್ಯಾಕ್ಟರ್ ಗುಂಪಿನವು ನೈಟ್ರೇಟ್ ಮಾಡುತ್ತವೆ. ಇದಕ್ಕೆ ಎರಡರಿಂದ ನಾಲ್ಕು ವಾರ. ಅಂದರೆ ಹೊಲ ಪೂರ್ತಿ ಸತ್ತಿದ್ದರೆ ಯೂರಿಯಾ ಹಾಕಿದ ಮೇಲೆ ಬೆಳೆ ಹಸಿರಾಗುವುದೇ ಕಷ್ಟ ಇತ್ತು.

2014ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇನಿಯಲ್ ಗೈಸ್ಲರ್ ಮತ್ತು ಕೇಟ್ ಸ್ಕೋ ಪ್ರಪಂಚದ 64 ದೀರ್ಘಾವಧಿ ಪ್ರಯೋಗಗಳ ಲೆಕ್ಕ ಒಟ್ಟು ಮಾಡಿ ನೋಡಿದರು. ಗೊಬ್ಬರವೇ ಹಾಕದ ತಾಕಿಗಿಂತ ರಾಸಾಯನಿಕ ಗೊಬ್ಬರ ಹಾಕಿದ ತಾಕಿನಲ್ಲಿ ಜೀವಾಣುಗಳ ಒಟ್ಟು ತೂಕ ಸರಾಸರಿ ಶೇ 15ರಷ್ಟು ಜಾಸ್ತಿಯೇ ಇತ್ತು. ಕಾರಣ ಸರಳ. ಬೆಳೆ ಚೆನ್ನಾಗಿ ಬಂದರೆ ಬೇರು, ಕೂಳೆ, ಉದುರಿದ ಎಲೆ ಎಲ್ಲ ಜಾಸ್ತಿ. ಅವೇ ಜೀವಾಣುಗಳ ಊಟ. ಆದರೆ ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ; 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ) 5ಕ್ಕಿಂತ ಕೆಳಗೆ ಹೋದ ಕಡೆ ಲೆಕ್ಕ ಉಲ್ಟಾ ಆಗಿತ್ತು. ಹುಳಿಯಾದ ಮಣ್ಣಿನಲ್ಲಿ ಗೊಬ್ಬರದಿಂದ ಜೀವಾಣುಗಳು ಕಡಿಮೆಯಾಗಿದ್ದವು.

ನಮ್ಮ ಕಡೆಗೆ ಇದು ದೊಡ್ಡ ವಿಷಯ. ಬೆಳಗಾವಿ ಜಿಲ್ಲೆಯ ಪಶ್ಚಿಮದಲ್ಲಿ, ಖಾನಾಪುರ, ಕಣಕುಂಬಿ ಕಡೆ ಮಳೆ ಸಾವಿರಾರು ಮಿಲಿಮೀಟರ್. ಮಣ್ಣು ಕೆಂಪು, ಹುಳಿ. ಇತ್ತ ವಿಜಯಪುರದಲ್ಲಿ ಮಳೆ 600 ಮಿ.ಮೀ. ಆಸುಪಾಸು. ಡೋಣಿ ಹೊಳೆ ದಂಡೆಯ ಎರೆ ಮಣ್ಣಿನಲ್ಲಿ ಅಗೆದರೆ ಸುಣ್ಣದ ಹರಳು ಸಿಗುತ್ತವೆ, ಪಿಎಚ್ 8 ದಾಟಿರುತ್ತದೆ. ಖಾನಾಪುರದವರು ಹುಳಿಗೆ ಹೆದರಬೇಕು. ಇಂಡಿ, ಸಿಂದಗಿಯವರಿಗೆ ಆ ಹೆದರಿಕೆ ಬೇಡ, ಅವರ ಸಾರಜನಕ ಗಾಳಿಗೆ ಹಾರುತ್ತದೆ. ಒಂದೇ ಚೀಲ, ಎರಡು ಹೊಲದಲ್ಲಿ ಎರಡು ರೋಗ.

ಮತ್ತೆ "ಹೊಲ ಸತ್ತೈತಿ" ಅನ್ನುವುದು ಸುಳ್ಳಾ? ಅಲ್ಲ. ರೈತರು ಕಾಣುತ್ತಿರುವುದು ನಿಜ: ಮಣ್ಣು ಗಟ್ಟಿಯಾಗಿದೆ, ಎರೆಹುಳು ಇಲ್ಲ, ವರ್ಷ ವರ್ಷ ಜಾಸ್ತಿ ಚೀಲ ಬೇಕು. ಆದರೆ ಇದರಲ್ಲಿ ದೊಡ್ಡ ಕಾರಣ ಇಂಗಾಲದ ಬರ. ಮನೆಯಲ್ಲಿ ದನ ಕಡಿಮೆಯಾದವು, ತಿಪ್ಪೆ ಕರಗಿತು, ರವದಿಗೆ (ಕಬ್ಬಿನ ಒಣಗರಿಗೆ) ಬೆಂಕಿ ಬಿತ್ತು. ಜೀವಾಣು ತನ್ನ ಮೈ ಕಟ್ಟಿಕೊಳ್ಳಲು ಒಂದು ಪಾಲು ಸಾರಜನಕಕ್ಕೆ ಎಂಟು ಪಾಲಿನಷ್ಟು ಇಂಗಾಲ ಬೇಕು. ಬರೀ ಯೂರಿಯಾ ಹಾಕುವುದೆಂದರೆ ರೊಟ್ಟಿಯೇ ಇಲ್ಲದೆ ಶೇಂಗಾ ಚಟ್ನಿ ಬಡಿಸಿದ ಹಾಗೆ.

ಹಾಗಾಗಿ ಮಣ್ಣು ಪರೀಕ್ಷೆಯ ವರದಿ ಬಂದಾಗ ಮೊದಲು ಎರಡೇ ಸಾಲು ನೋಡಿ: ಪಿಎಚ್ ಎಷ್ಟು, ಸಾವಯವ ಇಂಗಾಲ ಎಷ್ಟು. ಇಂಗಾಲ ಶೇ 0.5ಕ್ಕಿಂತ ಕಡಿಮೆ ಇದ್ದರೆ ಅದು ಕೊರತೆಯ ಹೊಲ. ನಮ್ಮ ಒಣಬೇಸಾಯದ ಹೊಲಗಳಲ್ಲಿ ಇದೇ ಸಾಮಾನ್ಯ. ರೈತ ಸಂಪರ್ಕ ಕೇಂದ್ರಕ್ಕೆ ಮಣ್ಣು ಕೊಡುವಾಗ ಬದು, ಗಿಡದ ನೆರಳು, ತಿಪ್ಪೆ ಇದ್ದ ಜಾಗ ಬಿಟ್ಟು, ಎಂಟು ಹತ್ತು ಕಡೆಯಿಂದ ಒಂದು ಗೇಣು ಆಳದವರೆಗಿನ ಮಣ್ಣು ತೆಗೆದು ಕಲಸಿ, ಅರ್ಧ ಕೆ.ಜಿ. ಕೊಡಿ. ಗೊಬ್ಬರ ಹಾಕಿದ ಮರುವಾರ ಮಣ್ಣು ತೆಗೆದರೆ ಆ ವರದಿಗೆ ಅರ್ಥವಿಲ್ಲ.

ಯೂರಿಯಾ: ಮೇಲೆ ಚೆಲ್ಲುವುದಕ್ಕೂ ಒಳಗೆ ಹಾಕುವುದಕ್ಕೂ ಇರುವ ಅಂತರ

ಶೇ 46 ಸಾರಜನಕ. ಒಂದು ಚೀಲದಲ್ಲಿ 20.7 ಕೆ.ಜಿ. ಎರೆ ಮಣ್ಣಿನ ಮೇಲೆ ಚೆಲ್ಲಿ ಬಿಟ್ಟರೆ ಯೂರಿಯಾ ಕಾಳಿನ ಸುತ್ತ ಪಿಎಚ್ ಇನ್ನೂ ಏರುತ್ತದೆ, ಅಮೋನಿಯಂ ಅಮೋನಿಯಾ ಅನಿಲವಾಗಿ ಹಾರುತ್ತದೆ. ಹೀಗೆ ಕಾಲು ಭಾಗದವರೆಗೂ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿಯೂ ಹೋಗಬಹುದು. ನಾಲ್ಕು ಚೀಲ ಚೆಲ್ಲಿದವರು ಒಂದನ್ನು ಗಾಳಿಗೆ ಕೊಟ್ಟ ಹಾಗಾಯಿತು, ಅಲ್ವಾ? ಎರಡು ಮೂರು ಬೆರಳು ಆಳದಲ್ಲಿ ಹಾಕಿ ಮಣ್ಣು ಮುಚ್ಚಿದರೆ, ಇಲ್ಲವೇ ಹಾಕಿದ ಕೂಡಲೇ ಹದವಾಗಿ ನೀರು ಬಿಟ್ಟರೆ ಇದು ಬಹಳಷ್ಟು ನಿಲ್ಲುತ್ತದೆ. ಬರೀ ಇಬ್ಬನಿ ಹಸಿಯ ಮೇಲೆ ಚೆಲ್ಲುವುದು ಎಲ್ಲಕ್ಕಿಂತ ಕೆಟ್ಟದ್ದು. ಕರಗಲು ಅಷ್ಟು ಹಸಿ ಸಾಕು, ಒಳಗೆ ಇಳಿಯಲು ಸಾಲದು.

ಇನ್ನೊಂದು ದಾರಿಯಲ್ಲೂ ನಷ್ಟ ಇದೆ. ನೈಟ್ರೇಟ್ ಆದ ಮೇಲೆ ಕಬ್ಬಿನ ಹೊಲದಲ್ಲಿ ಕಾಲುವೆ ನೀರು ತುಂಬಿ ನಿಲ್ಲಿಸಿದರೆ ಗಾಳಿ ಇಲ್ಲದ ಮಣ್ಣಿನಲ್ಲಿ ಬೇರೆ ಜೀವಾಣುಗಳು ಎದ್ದು ಕೂರುತ್ತವೆ. ಅವು ಉಸಿರಾಟಕ್ಕೆ ಆಮ್ಲಜನಕದ ಬದಲು ನೈಟ್ರೇಟ್ ಬಳಸಿ, ಅದನ್ನು ನೈಟ್ರಸ್ ಆಕ್ಸೈಡ್, ನೈಟ್ರೋಜನ್ ಅನಿಲ ಮಾಡಿ ಬಿಡುತ್ತವೆ. ನಿಂತ ನೀರಲ್ಲಿ ಕಬ್ಬು ಹಳದಿಯಾಯಿತು ಅಂತ ಮತ್ತೊಂದು ಚೀಲ ಚೆಲ್ಲುವವರಿದ್ದಾರೆ. ಮೊದಲು ನೀರು ಬಸಿದು ಹೋಗಲಿ.

2015ರಿಂದ ನಮ್ಮಲ್ಲಿ ಬರುವ ಯೂರಿಯಾ ಎಲ್ಲ ಬೇವು ಲೇಪಿತ. ಬೇವು ನೈಟ್ರೇಟ್ ಮಾಡುವ ಜೀವಾಣುಗಳ ವೇಗ ಸ್ವಲ್ಪ ತಗ್ಗಿಸುತ್ತದೆ. ಹಾಗಂತ ಬೇವು ಇದೆ ಎಂದು ಮೇಲೆ ಚೆಲ್ಲಿದರೆ ಅಮೋನಿಯಾ ಹಾರುವುದು ನಿಲ್ಲುವುದಿಲ್ಲ. ಎರಡೂ ಬೇರೆ ಬೇರೆ ಹಂತ.

ಅಮೋನಿಯಂ ಸಲ್ಫೇಟ್, ಡಿಎಪಿ, ಮತ್ತು ಉಳಿದ ಚೀಲಗಳು

ಅಮೋನಿಯಂ ಸಲ್ಫೇಟ್‌ನಲ್ಲಿ ಸಾರಜನಕ ಶೇ 20ರ ಆಸುಪಾಸು ಅಷ್ಟೇ, ಆದರೆ ಗಂಧಕ ಶೇ 23ರಷ್ಟು ಸಿಗುತ್ತದೆ. ಬಾಗಲಕೋಟೆ ಕಡೆಯ ಈರುಳ್ಳಿಗೆ, ಶೇಂಗಾಕ್ಕೆ, ಸೂರ್ಯಕಾಂತಿಗೆ ಗಂಧಕ ಬೇಕು. ಅಂಥ ಬೆಳೆಗೆ, ಕ್ಷಾರ ಮಣ್ಣಿಗೆ ಇದು ಯೂರಿಯಾಕ್ಕಿಂತ ಒಳ್ಳೆಯ ಆಯ್ಕೆ. ಒಂದು ಎಚ್ಚರಿಕೆ: ಸುಣ್ಣ ಇರುವ ಮಣ್ಣಿನ ಮೇಲೆ ಚೆಲ್ಲಿದರೆ ಇದೂ ಹಾರುತ್ತದೆ, ಮುಚ್ಚಲೇಬೇಕು. ಖಾನಾಪುರದ ಕೆಂಪು ಮಣ್ಣಿಗೆ ಮಾತ್ರ ಬೇಡ. ಇದರ ಒಂದು ಕೆ.ಜಿ. ಸಾರಜನಕ ಮಾಡುವ ಹುಳಿಯನ್ನು ತಣಿಸಲು ಐದು ಕೆ.ಜಿ.ಗಿಂತ ಜಾಸ್ತಿ ಸುಣ್ಣದ ಪುಡಿ ಬೇಕು. ಯೂರಿಯಾಕ್ಕಾದರೆ ಎರಡು ಕೆ.ಜಿ. ಒಳಗೆ ಮುಗಿಯುತ್ತದೆ. ಗಂಧಕ ಲೇಪಿತ ಯೂರಿಯಾ ಅಂತ 40 ಕೆ.ಜಿ. ಚೀಲವೂ ಈಗ ಬಂದಿದೆ. ಅದರಲ್ಲಿ ಸಾರಜನಕ ಶೇ 37, ಗಂಧಕ ಶೇ 17. ಸಿಕ್ಕರೆ ಶೇಂಗಾಕ್ಕೆ ನೋಡಬಹುದು.

ಡಿಎಪಿಯನ್ನು (ಡೈಅಮೋನಿಯಂ ಫಾಸ್ಫೇಟ್) ಸಾರಜನಕಕ್ಕಾಗಿ ಕೊಳ್ಳಬೇಡಿ. 1350 ರೂಪಾಯಿ ಚೀಲದಲ್ಲಿ ಸಾರಜನಕ 9 ಕೆ.ಜಿ. ಮಾತ್ರ, ರಂಜಕ 23 ಕೆ.ಜಿ. ರಂಜಕ ಬೇಕಿದ್ದರೆ ತಗೊಳ್ಳಿ.

ದ್ರಾಕ್ಷಿ, ದಾಳಿಂಬೆಗೆ ಹನಿ ನೀರಾವರಿಯಲ್ಲಿ ಕೊಡುವ ಕ್ಯಾಲ್ಸಿಯಂ ನೈಟ್ರೇಟ್ ಬೇರೆ ಜಾತಿ. ಅದರ ಸಾರಜನಕ ಜೀವಾಣುಗಳನ್ನು ಕಾಯುವುದಿಲ್ಲ, ನೇರ ಬೇರಿಗೆ. ದುಬಾರಿ. ತಿಕೋಟಾ ಕಡೆಯ ದ್ರಾಕ್ಷಿಗೆ ಗಿಟ್ಟುತ್ತದೆ, ಗೋವಿನಜೋಳಕ್ಕೆ ಗಿಟ್ಟುವುದಿಲ್ಲ. ರಂಜಕ, ಸಲ್ಫೇಟ್ ಇರುವ ಗೊಬ್ಬರದ ಜತೆ ಒಂದೇ ಟ್ಯಾಂಕಿಗೆ ಹಾಕಿದರೆ ಗಸಿ ಕೂತು ಡ್ರಿಪ್ಪರ್ ಕಟ್ಟುತ್ತದೆ.

ನ್ಯಾನೊ ಯೂರಿಯಾ

ಎಲೆಗೆ ಸಿಂಪಡಿಸುವ ಈ ದ್ರವ 2021ರಲ್ಲಿ ಬಂದಾಗ ಅರ್ಧ ಲೀಟರ್ ಬಾಟಲಿಯಲ್ಲಿ ಶೇ 4 ಸಾರಜನಕ ಇತ್ತು, ಅಂದರೆ 20 ಗ್ರಾಂ. ಆಮೇಲೆ ಬಂದ ಶೇ 20ರ ಬಾಟಲಿಯಲ್ಲೂ 100 ಗ್ರಾಂ. ಎಲೆಯ ಮೂಲಕ ಹೋಗುವುದರಿಂದ ಪೋಲಾಗುವುದಿಲ್ಲ ಅನ್ನುವುದು ಕಂಪನಿಯ ವಾದ. ಪೋಲೇ ಆಗಲಿಲ್ಲ ಅಂತ ಇಟ್ಟುಕೊಳ್ಳಿ, ಆದರೂ 100 ಗ್ರಾಂ 100 ಗ್ರಾಮೇ. ಚೀಲದ ಯೂರಿಯಾದಲ್ಲಿ ಅರ್ಧ ನಷ್ಟವಾದರೂ 10 ಕೆ.ಜಿ. ಉಳಿಯುತ್ತದೆ. ಬೆಳೆ ಸೊರಗಿದಾಗ ಮೇಲಿಂದ ಒಂದು ಸಿಂಪರಣೆಗೆ ಇರಲಿ. ಕಬ್ಬಿನ ಚೀಲಗಳ ಬದಲಿಗೆ ನಾನಂತೂ ಇದನ್ನು ಹೇಳುವುದಿಲ್ಲ.

ತಿಪ್ಪೆಗೊಬ್ಬರ, ಕುರಿ, ರವದಿ

ಇಲ್ಲಿ ಬರೀ ಸಾರಜನಕದ ಲೆಕ್ಕ ಹಾಕಿದರೆ ಮೋಸ ಹೋಗುತ್ತೀರಿ. ಒಂದು ಟನ್ ತಿಪ್ಪೆಗೊಬ್ಬರದಲ್ಲಿ ಸಾರಜನಕ 5 ಕೆ.ಜಿ. ಆಸುಪಾಸು. ಮೊದಲ ವರ್ಷ ಬೆಳೆಗೆ ಸಿಗುವುದು ಅದರ ಕಾಲು ಭಾಗದಿಂದ ಮೂರನೇ ಒಂದು ಭಾಗ. ಟ್ರ್ಯಾಕ್ಟರ್ ಬಾಡಿಗೆ, ಆಳಿನ ಕೂಲಿ ಸೇರಿಸಿದರೆ ಯೂರಿಯಾದ ಮುಂದೆ ಇದು ಎಲ್ಲೂ ನಿಲ್ಲುವುದಿಲ್ಲ. ಆದರೆ ಯೂರಿಯಾದಲ್ಲಿ ಇಲ್ಲದ್ದು ಇದರಲ್ಲಿದೆ: ಜೀವಾಣುಗಳಿಗೆ ಇಂಗಾಲ, ಜತೆಗೆ ಸತು, ಕಬ್ಬಿಣ, ನೀರು ಹಿಡಿಯುವ ಶಕ್ತಿ. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ 1843ರಿಂದ ಒಂದೇ ಹೊಲದಲ್ಲಿ ಗೋಧಿ ಬೆಳೆದು ನೋಡುತ್ತಿದ್ದಾರೆ. ಅಲ್ಲಿ ರಾಸಾಯನಿಕ ಗೊಬ್ಬರದ ತಾಕಿಗೂ ಸೆಗಣಿ ಗೊಬ್ಬರದ ತಾಕಿಗೂ ಇಳುವರಿ ಬಹುಕಾಲ ಸರಿಸಮವಾಗಿಯೇ ಬಂದಿತು. ಜೀವಾಣುಗಳ ತೂಕ ಮಾತ್ರ ಸೆಗಣಿ ಗೊಬ್ಬರದ ತಾಕಿನಲ್ಲಿ ಸುಮಾರು ಎರಡು ಪಟ್ಟು.

ಗೊಬ್ಬರ ಪೂರ್ತಿ ಕಳಿತಿರಬೇಕು. ಅರೆಬೆಂದ ಗೊಬ್ಬರ ಹಾಕಿದರೆ ಗೊಣ್ಣೆಹುಳು, ಗೆದ್ದಲು ಎರಡೂ ಬರುತ್ತವೆ. ಬೇಸಿಗೆಯಲ್ಲಿ ಗುಡ್ಡೆ ಹಾಕಿ ತಿಂಗಳುಗಟ್ಟಲೆ ಬಿಸಿಲಿಗೆ ಬಿಡುವುದು ನಮ್ಮ ಕಡೆಯ ಕೆಟ್ಟ ರೂಢಿ. ಹರಡಿದ ದಿನವೇ ಕುಂಟೆ ಹೊಡೆದು ಮಣ್ಣಿಗೆ ಸೇರಿಸಿ.

ತಿಪ್ಪೆ ಇಲ್ಲದವರಿಗೆ ಕುರಿ ಇದೆ. ಸುಗ್ಗಿ ಮುಗಿದ ಮೇಲೆ ಕುರಿಗಾರರು ಊರೂರು ಹಾಯುತ್ತಾರೆ. ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಲು ದುಡ್ಡೋ ಜೋಳವೋ ಕೊಟ್ಟರಾಯಿತು. ಸಾಗಾಣಿಕೆ ಖರ್ಚಿಲ್ಲ, ಹಿಕ್ಕೆಯಲ್ಲಿ ಸಾರಜನಕ ಸೆಗಣಿಗಿಂತ ಜಾಸ್ತಿ, ಮೂತ್ರವೂ ಅಲ್ಲೇ ಇಂಗುತ್ತದೆ. ಮೂತ್ರದಲ್ಲಿರುವುದೂ ಯೂರಿಯಾನೇ. ಬೆಳಿಗ್ಗೆ ಹಟ್ಟಿ ಎತ್ತಿದ ಹೊಲದಲ್ಲಿ ಮೂಗಿಗೆ ಬಡಿಯುವ ವಾಸನೆ ಇದೆಯಲ್ಲ, ಅದು ನಿಮ್ಮ ಸಾರಜನಕ ಹೋಗುತ್ತಿರುವ ವಾಸನೆ. ಕುರಿ ಮುಂದಿನ ಜಾಗಕ್ಕೆ ಹೋದ ಕೂಡಲೇ ಹರಗಿಬಿಡಿ. ಒಣಬೇಸಾಯದ ಹಿಂಗಾರಿ ಹೊಲಕ್ಕೆ ನನ್ನ ಮೊದಲ ಆಯ್ಕೆ ಇದೇ.

ಇನ್ನು ರವದಿ. ಕಬ್ಬು ಕಡಿದ ಎಕರೆಯಲ್ಲಿ ಮೂರು ನಾಲ್ಕು ಟನ್ ಬೀಳುತ್ತದೆ. ಟನ್ನಿಗೆ 4-5 ಕೆ.ಜಿ. ಸಾರಜನಕ. ಕಡ್ಡಿ ಗೀರಿದರೆ ಹೆಚ್ಚುಕಡಿಮೆ ಒಂದು ಚೀಲ ಯೂರಿಯಾದಷ್ಟು ಹೊಗೆಯಾಗಿ ಹೋಯಿತು. ಜತೆಗೆ ಟನ್‌ಗಟ್ಟಲೆ ಇಂಗಾಲವೂ. ಸುಡುವವರನ್ನು ಬೈಯುವುದು ಸುಲಭ. ಅವರ ಕಷ್ಟವೂ ನಿಜ: ರವದಿ ಹಾಗೇ ಬಿಟ್ಟರೆ ಕೂಳೆ ಕಬ್ಬು ಹಳದಿಯಾಗುತ್ತದೆ, ಸಾಲಿನಲ್ಲಿ ನೀರು ಹರಿಯುವುದಿಲ್ಲ.

ಹಳದಿ ಯಾಕೆ ಆಗುತ್ತದೆ? ರವದಿಯಲ್ಲಿ ಇಂಗಾಲ ವಿಪರೀತ, ಸಾರಜನಕ ಅತಿ ಕಡಿಮೆ. ಅದನ್ನು ತಿನ್ನಲು ಕೂತ ಜೀವಾಣುಗಳು ಮೈ ಕಟ್ಟಿಕೊಳ್ಳಲು ಮಣ್ಣಿನ ಸಾರಜನಕ ಎಳೆದುಕೊಳ್ಳುತ್ತವೆ. ಕಬ್ಬು ಉಪವಾಸ. ತಿಂಗಳುಗಳು ಕಳೆದು ಅವು ಸತ್ತಾಗ ಆ ಸಾರಜನಕ ವಾಪಸ್ ಬರುತ್ತದೆ, ಅಷ್ಟರಲ್ಲಿ ಮರಿ ಒಡೆಯುವ ಕಾಲ ಮುಗಿದಿರುತ್ತದೆ. ಇದಕ್ಕೆ ಪರಿಹಾರ: ರವದಿ ಪುಡಿ ಮಾಡಿಸಿ ಅಥವಾ ಒಂದು ಸಾಲು ಬಿಟ್ಟು ಒಂದು ಸಾಲಿಗೆ ಹೊದಿಸಿ, ಟನ್ ರವದಿಗೆ 8 ಕೆ.ಜಿ. ಯೂರಿಯಾ, 10 ಕೆ.ಜಿ. ಸೂಪರ್ ಫಾಸ್ಫೇಟ್ ಎರಚಿ, ಕೊಳೆಸುವ ಜೀವಾಣು ಪುಡಿ ಅಥವಾ ಸೆಗಣಿ ರಾಡಿ ಹಾಕಿ ನೀರು ಬಿಡುವುದು. ಯೂರಿಯಾವೇ ಇಲ್ಲಿ ಜೀವಾಣುಗಳ ಊಟದ ಭಾಗ. ಜೀವಾಣುಗಳಿಗೆ ಯೂರಿಯಾ ವೈರಿ ಅನ್ನುವವರು ಇದನ್ನು ಒಮ್ಮೆ ಮಾಡಿ ನೋಡಬೇಕು.

ಪ್ಯಾಕೆಟ್‌ನಲ್ಲಿ ಬರುವ ಜೀವಾಣು

ಕಡಲೆ, ತೊಗರಿ, ಸೋಯಾಬೀನ್, ಶೇಂಗಾಕ್ಕೆ ರೈಜೋಬಿಯಂ. ಜೋಳ, ಗೋವಿನಜೋಳಕ್ಕೆ ಅಜೋಸ್ಪಿರಿಲಮ್. ಕಬ್ಬಿಗೆ 1988ರಲ್ಲಿ ಬ್ರೆಜಿಲ್‌ನಲ್ಲಿ ಕಬ್ಬಿನೊಳಗೇ ಸಿಕ್ಕ ಅಸಿಟೊಬ್ಯಾಕ್ಟರ್. ಬೆಲೆ ಚಹಾದ ಖರ್ಚಿನಷ್ಟು. ಆದರೆ ಇವುಗಳ ಕೆಲಸ ಒಂದೇ ಮಟ್ಟದ್ದಲ್ಲ. ರೈಜೋಬಿಯಂ ಬೇರಿನಲ್ಲಿ ಗಂಟು ಕಟ್ಟಿ ಬೆಳೆಗೆ ಬೇಕಾದ ಸಾರಜನಕದ ದೊಡ್ಡ ಪಾಲು ಗಾಳಿಯಿಂದ ತರುತ್ತದೆ. ಉಳಿದವು ಬೇರಿನ ಸುತ್ತ ಸ್ವಲ್ಪ ಸಹಾಯ ಮಾಡುತ್ತವೆ, ಅದೂ ಇಂಗಾಲ ಇರುವ ಮಣ್ಣಿನಲ್ಲಿ. ಅವನ್ನು ನಂಬಿ ಜೋಳದ ಗೊಬ್ಬರ ಪೂರ್ತಿ ಬಿಡಬೇಡಿ.

ಕೊಳ್ಳುವಾಗ ತಾರೀಖು ನೋಡಿ. ಪುಡಿ ರೂಪದ್ದು ಸುಮಾರು ಆರು ತಿಂಗಳು, ದ್ರವ ರೂಪದ್ದು ಒಂದು ವರ್ಷ ಬಾಳುತ್ತದೆ. ಸರಕಾರಿ ನಿಯಮದ ಪ್ರಕಾರ ಪುಡಿಯ ಗ್ರಾಮಿಗೆ 5 ಕೋಟಿ ಜೀವಾಣು ಬದುಕಿರಬೇಕು. ಮೇ ತಿಂಗಳ ವಿಜಯಪುರದ ತಗಡಿನ ಗೋದಾಮಿನಲ್ಲಿ ಕೂತ ಪ್ಯಾಕೆಟ್‌ನಲ್ಲಿ ಎಷ್ಟು ಉಳಿದಾವು? ಧಾರವಾಡ ಕೃಷಿ ವಿಶ್ವವಿದ್ಯಾಲಯದ ಘಟಕದಿಂದ, ಕೃಷಿ ವಿಜ್ಞಾನ ಕೇಂದ್ರದಿಂದ ಹೊಸದು ತರುವುದು ವಾಸಿ.

ಜೀವಾಮೃತ ಇದೇ ಗುಂಪಿಗೆ ಸೇರುತ್ತದೆ. 10 ಕೆ.ಜಿ. ಸೆಗಣಿ, 10 ಲೀಟರ್ ಗಂಜಲ, 2 ಕೆ.ಜಿ. ಕಾಳಿನ ಹಿಟ್ಟು, 2 ಕೆ.ಜಿ. ಬೆಲ್ಲ ಹಾಕಿದ 200 ಲೀಟರಿನಲ್ಲಿ ಒಟ್ಟು ಸಾರಜನಕ ಕಾಲು ಕೆ.ಜಿ. ಆಸುಪಾಸು. ಮಣ್ಣಿನ ಜೀವಕ್ಕೆ ಚುರುಕು ಕೊಡಲಿ, ಬೇಡ ಅನ್ನುವುದಿಲ್ಲ. ಎಕರೆಗೆ 100 ಕೆ.ಜಿ. ಕೇಳುವ ಕಬ್ಬಿಗೆ ಅದೇ ಸಾಕು ಅಂದರೆ ಲೆಕ್ಕ ಕೂಡುವುದಿಲ್ಲ.

ಬೆಳೆ ನೋಡಿ ಆರಿಸುವುದಾದರೆ

ನೀರಾವರಿ ಕಬ್ಬು: ಯೂರಿಯಾ ಬಿಟ್ಟು ದಾರಿ ಇಲ್ಲ. ಹೆಕ್ಟೇರಿಗೆ 250 ಕೆ.ಜಿ. ಸಾರಜನಕ ಅಂದರೆ ಎಕರೆಗೆ ಐದು ಚೀಲದ ಹತ್ತಿರ. ಅದಕ್ಕೇ ಕಂತಿನಲ್ಲಿ ಕೊಡಿ, ಮಣ್ಣೊಳಗೆ ಕೊಡಿ. ಬೋದು ಏರಿಸುವಷ್ಟರಲ್ಲಿ, ಅಂದರೆ ನಾಲ್ಕು ನಾಲ್ಕೂವರೆ ತಿಂಗಳಿಗೆ ಮುಗಿಸಿ. ತಡವಾಗಿ ಹಾಕಿದರೆ ಕಬ್ಬು ಬೀಳುತ್ತದೆ, ಸಕ್ಕರೆ ಅಂಶ ಇಳಿಯುತ್ತದೆ. ಕೂಳೆಯಲ್ಲಿ ರವದಿ ಹೊದಿಸಿದ್ದರೆ ಹಾರೆಯಿಂದ ಬುಡದ ಪಕ್ಕ ತೂತು ಹೊಡೆದು ಗೊಬ್ಬರ ಬಿಟ್ಟು ಮುಚ್ಚುವ ಪದ್ಧತಿ ಒಳ್ಳೆಯದು. ಆಳು ಸಿಗಬೇಕು, ಅದೊಂದೇ ತಕರಾರು.

ಹಿಂಗಾರಿ ಬಿಳಿಜೋಳ: ಕುರಿ ಅಥವಾ ತಿಪ್ಪೆಗೊಬ್ಬರ ಬೇಸಿಗೆಯಲ್ಲೇ. ಚೀಲದ ಸಾರಜನಕ ಎಷ್ಟು ಕೊಡುವುದಿದ್ದರೂ ಬಿತ್ತುವಾಗಲೇ, ಬೀಜಕ್ಕಿಂತ ಕೆಳಗೆ ಬೀಳುವಂತೆ ಕೂರಿಗೆಯಲ್ಲಿ ಕೊಡಿ. ಯೂರಿಯಾವನ್ನು ಬೀಜಕ್ಕೆ ತಾಗಿಸಬೇಡಿ, ಅಮೋನಿಯಾಕ್ಕೆ ಮೊಳಕೆ ಸುಡುತ್ತದೆ. ನವೆಂಬರ್‌ನಲ್ಲಿ ಮೇಲುಗೊಬ್ಬರ ಹಾಕುವುದು ದಂಡ. ಮೇಲ್ಮಣ್ಣು ಒಣಗಿರುತ್ತದೆ, ಬೇರು ಕೆಳಗಿನ ಹಸಿಯಲ್ಲಿರುತ್ತದೆ. ಕಡಲೆ ಬೆಳೆದ ಹೊಲದಲ್ಲಿ ಮರುವರ್ಷ ಜೋಳ ಹಾಕಿದರೆ ಅರ್ಧ ಕೆಲಸ ಮುಗಿದ ಹಾಗೆ.

ಗೋವಿನಜೋಳಕ್ಕೆ ಹಸಿವು ಜಾಸ್ತಿ. ಬಿತ್ತುವಾಗ ಒಮ್ಮೆ, ಮೊಣಕಾಲೆತ್ತರಕ್ಕೆ ಬಂದಾಗ ಒಮ್ಮೆ, ಸೂಲಂಗಿ ಮುಂಚೆ ಒಮ್ಮೆ. ಎಡೆ ಹೊಡೆಯುವ ದಿನವೇ ಯೂರಿಯಾ ಹಾಕಿದರೆ ಮುಚ್ಚುವ ಕೆಲಸ ತಾನಾಗಿ ಆಗುತ್ತದೆ.

ಕಡಲೆ, ತೊಗರಿ, ಸೋಯಾಬೀನ್: ಇಲ್ಲಿ ನಾನು ಹಟ ಹಿಡಿದು ಹೇಳುವುದು, ಯೂರಿಯಾ ಬೇಡ. ಮಣ್ಣಿನಲ್ಲಿ ನೈಟ್ರೇಟ್ ಜಾಸ್ತಿಯಾದರೆ ಗಿಡ ಬೇರಿನಲ್ಲಿ ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ. ಬಿತ್ತುವಾಗ ರಂಜಕಕ್ಕೆಂದು ಹಾಕುವ ಡಿಎಪಿಯ 9 ಕೆ.ಜಿ.ಯೇ ಸಾಕು. ಬೈಲಹೊಂಗಲ, ಸವದತ್ತಿ ಕಡೆ ಹೊಸದಾಗಿ ಸೋಯಾಬೀನ್ ಹಾಕುವ ಹೊಲಕ್ಕೆ ರೈಜೋಬಿಯಂ ಉಪಚಾರ ತಪ್ಪಿಸಲೇಬೇಡಿ. ಸೋಯಾಕ್ಕೆ ಬೇಕಾದ ಜೀವಾಣು ನಮ್ಮ ಮಣ್ಣಿನದಲ್ಲ, ಕಡಲೆಯ ಪ್ಯಾಕೆಟ್ ಅದಕ್ಕೆ ಆಗುವುದಿಲ್ಲ. ಬೀಜಕ್ಕೆ ಶಿಲೀಂಧ್ರನಾಶಕ ಹಚ್ಚುವುದಿದ್ದರೆ ಮೊದಲು ಅದು, ಒಣಗಿದ ಮೇಲೆ ಕೊನೆಗೆ ಬೆಲ್ಲದ ನೀರಿನಲ್ಲಿ ಕಲಸಿದ ರೈಜೋಬಿಯಂ. ನೆರಳಲ್ಲಿ ಆರಿಸಿ ಅವತ್ತೇ ಬಿತ್ತಿ. ತಿಂಗಳು, ನಲವತ್ತು ದಿನಕ್ಕೆ ನಾಲ್ಕೈದು ಗಿಡ ಸಲಿಕೆಯಿಂದ ಎಬ್ಬಿಸಿ ಬೇರು ತೊಳೆದು ನೋಡಿ. ಗಂಟು ಉಗುರಲ್ಲಿ ಸೀಳಿದಾಗ ಒಳಗೆ ನಸುಗೆಂಪು ಇದ್ದರೆ ಕೆಲಸ ನಡೆದಿದೆ. ಹಸಿರು, ಬೂದು ಇದ್ದರೆ ಆ ಗಂಟು ಸುಮ್ನೆ ಇದೆ.

ಸವಳು-ಜವಳು ಹೊಲ: ಘಟಪ್ರಭಾ, ಕೃಷ್ಣೆಯ ದಂಡೆಗಳಲ್ಲಿ ಇಂಥ ಭೂಮಿ ಸಾಕಷ್ಟಿದೆ. ಉಪ್ಪು ನೈಟ್ರೇಟ್ ಮಾಡುವ ಜೀವಾಣುಗಳನ್ನು ಕುಗ್ಗಿಸುತ್ತದೆ, ನಿಂತ ನೀರು ಇದ್ದ ನೈಟ್ರೇಟನ್ನು ಅನಿಲ ಮಾಡುತ್ತದೆ, ಕ್ಷಾರ ಅಮೋನಿಯಾ ಹಾರಿಸುತ್ತದೆ. ಮೂರೂ ಕಡೆಯಿಂದ ಸೋರಿಕೆ. ಇಂಥ ಹೊಲಕ್ಕೆ ಆ ಗೊಬ್ಬರ ಈ ಗೊಬ್ಬರ ಅಂತ ಹೋಲಿಸುತ್ತ ಕೂರಬೇಡಿ. ಮೊದಲು ಬಸಿಗಾಲುವೆ ತೆಗೆಸಿ. ಪರೀಕ್ಷೆಯಲ್ಲಿ ಸೋಡಿಯಂ ಜಾಸ್ತಿ ಬಂದರೆ ಅವರು ಹೇಳಿದಷ್ಟು ಜಿಪ್ಸಂ ಹಾಕಿ ನೀರು ಕಟ್ಟಿ ಬಸಿಯಿರಿ. ಆಮೇಲೆ ಉಪ್ಪು ತಡೆಯುವ ಹಸಿರೆಲೆ ಗೊಬ್ಬರದ ಬೆಳೆ ಡಯಂಚಾ ಚೆಲ್ಲಿ, ಹೂ ಬರುವ ಹೊತ್ತಿಗೆ, ಆರೇಳು ವಾರಕ್ಕೆ, ಮಣ್ಣಿಗೆ ಸೇರಿಸಿ. ಅದಕ್ಕೂ ಬೇರಿನಲ್ಲಿ ಗಂಟು ಕಟ್ಟುತ್ತವೆ. ಸಾರಜನಕದ ಮೊದಲ ಕಂತು ಅದರಿಂದಲೇ ಬರಲಿ, ಚೀಲ ಆಮೇಲೆ ತಂದರಾಯಿತು.